ವಡಾಲದ ಪುಂಡಿಪಲ್ಯ

ದೈವಕ್ಕೆ ಕೈಮುಗಿಯುವ ಊರಿನವನಾದರೂ ಇಂಥ ಕಥೆಗಳನ್ನು ನಾನು ನಂಬಿದವನಲ್ಲ. ಹೋಟೆಲಿನಲ್ಲಿ ಜೊತೆಗಿನವರು ಅಲ್ಲಿ ಹಾಗೆ ಕಂಡಿತು, ಇಲ್ಲಿ ಹೀಗೆ ಕೇಳಿಸಿತು ಎಂದು ಶುರು ಮಾಡಿದರೆ, ಹೊಟ್ಟೆ ಕೆಟ್ಟಿರಬೇಕು ಎಂದು ಹೇಳಿ ಎದ್ದುಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಬರವಣಿಗೆ ನನ್ನ ಕೆಲಸವಲ್ಲ. ನಂಬಿ ಎಂದು ನಿಮ್ಮನ್ನು ಕೇಳಿಕೊಳ್ಳುವುದೂ ಇಲ್ಲ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಕುಂದಾಪುರದ ಕಡೆಯವರು. ನಾನು ಅಂಧೇರಿಯ ಒಂದು ಹೋಟೆಲಿನಲ್ಲಿ ಅಡುಗೆಯವನು. ತಮ್ಮ ಸತೀಶ ಮಾಟುಂಗಾದಲ್ಲಿ ಸಪ್ಲೈಯರ್ ಆಗಿದ್ದ. ಹೋಟೆಲ್ ಕೆಲಸದವರ ಊಟ ಹೋಟೆಲಿನಲ್ಲೇ. ರಜೆ ಸಿಕ್ಕಿದರೆ ನಾವು ಮಲಗುತ್ತೇವೆ. ಸತೀಶ ಹಾಗಲ್ಲ. ಸೋಮವಾರ ಅವನ ರಜೆ. ಅವತ್ತು ಮಾಟುಂಗಾದಿಂದ ವಡಾಲದವರೆಗೆ ಗಲ್ಲಿ ಗಲ್ಲಿ ನಡೆದು ಸಣ್ಣಪುಟ್ಟ ಊಟದ ಜಾಗಗಳನ್ನು ಹುಡುಕುತ್ತಿದ್ದ. ಬೋರ್ಡು ನೋಡುತ್ತಿರಲಿಲ್ಲ, ಗಿರಾಕಿಗಳು ಎಷ್ಟಿದ್ದಾರೆಂದೂ ನೋಡುತ್ತಿರಲಿಲ್ಲ. ನೇರ ಹಿಂದಕ್ಕೆ ಹೋಗಿ ತಟ್ಟೆ ತೊಳೆಯುವ ಜಾಗ ನೋಡುವನು. ತಟ್ಟೆಯಲ್ಲಿ ಎಂಜಲು ಉಳಿಯದಿದ್ದರೆ ಕೂರುವನು. ತಮಿಳರ ಒಂದು ಮೆಸ್ಸಿನ ರಸಂ, ಒಬ್ಬ ಮರಾಠಿ ಅಜ್ಜಿಯ ಥಾಲಿಪೀಠ ಹೀಗೆ ಅವನು ಮೆಚ್ಚಿದ ಜಾಗಗಳು ಆರೇಳಿದ್ದವು. ಸಂಜೆ ನನಗೆ ಫೋನು ಮಾಡಿ ಒಂದೊಂದನ್ನೂ ವರ್ಣಿಸಿ, ಒಮ್ಮೆ ಬಾ ಎಂದು ಕರೆಯುತ್ತಿದ್ದ.

ನಾನು ಹೋಗಲಿಲ್ಲ. ಒಂದು ಸಲವೂ ಹೋಗಲಿಲ್ಲ. "ನಾ ಮಾಡಿದ್ ತಿಂಬುಕೆ ಜನ ಕ್ಯೂ ನಿಲ್ತ್ರ್. ನಾ ಬೇರೆಯವ್ರ ಪಾತ್ರೆ ನೆಕ್ಕುಕೆ ಬರ್ಕಾ?" ಎಂದು ಕೇಳಿದ್ದೆ. ಅವನು ನಕ್ಕುಬಿಟ್ಟಿದ್ದ.

ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ವಡಾಲ ಸ್ಟೇಷನ್ನಿನ ಆಚೆ, ತಗಡಿನ ಮನೆಗಳ ಸಾಲಿನಲ್ಲಿದ್ದ ಒಂದು ಖಾನಾವಳಿ. ವಿಜಯಪುರದ ಕಡೆಯ ಕಸ್ತೂರಿಬಾಯಿ ಎಂಬ ಹೆಂಗಸು, ಕಟ್ಟಡದ ಕೆಲಸಕ್ಕೆ ಬಂದ ತನ್ನ ಊರಿನವರಿಗೆಂದು ರೊಟ್ಟಿ, ಪಲ್ಯ ಮಾಡುತ್ತಿದ್ದಳು. ನಾಲ್ಕೇ ಬೆಂಚು. ಸೋಮವಾರ ಊರಿನಿಂದ ಯಾರಾದರೂ ಪುಂಡಿ ಎಂಬ ಹುಳಿಸೊಪ್ಪು ತರುತ್ತಿದ್ದರು, ಅವತ್ತು ಮಾತ್ರ ಪುಂಡಿಪಲ್ಯ. ನಮ್ಮ ಕರಾವಳಿಯ ಹುಡುಗ ಅದಕ್ಕೆ ಹೇಗೆ ಮರುಳಾದನೋ, ರೊಟ್ಟಿ ಬಿಟ್ಟು ಅದನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದನಂತೆ.

ಆ ವರ್ಷ ಬೇಸಿಗೆಯಲ್ಲಿ ಅವನ ಲಿವರ್ ಕೆಟ್ಟಿತು. ಪರೇಲಿನ ಆಸ್ಪತ್ರೆಗೆ ಸೇರಿಸಿದೆವು. ಒಂದು ಭಾನುವಾರ ಡಾಕ್ಟರು ನನ್ನನ್ನು ಹೊರಗೆ ಕರೆದು, ಅವನು ಏನು ಕೇಳಿದರೂ ಕೊಡಿ, ಪಥ್ಯ ಬೇಡ ಎಂದರು. ಅದರ ಅರ್ಥ ನನಗೆ ಗೊತ್ತಾಯಿತು. ಒಳಗೆ ಹೋಗಿ ಏನು ಬೇಕೆಂದು ಕೇಳಿದೆ. ನಾಳೆ ಸೋಮವಾರ ಅಲ್ಲವೇ, ವಡಾಲದ ಪುಂಡಿಪಲ್ಯ ತಂದುಕೊಡು ಎಂದ.

ಇನ್ನು ಮುಂದಿನದು ನನ್ನ ತಪ್ಪು. ಕೆಲಸವಿತ್ತು, ರಜೆ ಸಿಗಲಿಲ್ಲ ಎಂದು ಬರೆಯಬಹುದು. ಅದು ಸುಳ್ಳು. ಅಂಧೇರಿಯಿಂದ ವಡಾಲಕ್ಕೆ ಹಾರ್ಬರ್ ಲೈನಿನ ನೇರ ಲೋಕಲ್ ಇದೆ, ಗಾಡಿ ಬದಲಿಸುವ ಕಷ್ಟವೂ ಇಲ್ಲ. ಆದರೆ ಮೂವತ್ತು ವರ್ಷ ಸೌಟು ಹಿಡಿದವನು ನಾನು. ಒಂದು ಹುಳಿ ಸೊಪ್ಪಿಗಾಗಿ ತಗಡಿನ ಗುಡಿಸಲಿನ ಮುಂದೆ ಡಬ್ಬಿ ಹಿಡಿದು ನಿಲ್ಲಬೇಕೇ ಎನ್ನಿಸಿತು. ಸೋಮವಾರ ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಪಾಲಕ್, ತೊಗರಿಬೇಳೆ ಬೇಯಿಸಿ, ಹುಣಸೆಹುಳಿ ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಅದನ್ನೇ ಡಬ್ಬಿಗೆ ತುಂಬಿಕೊಂಡು ಹೋದೆ.

"ವಡಾಲದ್ದೇ ಅಲ್ದಾ ಅಣ್ಣಯ್ಯ?" ಎಂದು ಕೇಳಿದ.

"ಹೌದ್ ಮತ್ತೆ," ಎಂದೆ.

ಚಮಚದಲ್ಲಿ ನಾಲ್ಕು ತುತ್ತು ತಿನ್ನಿಸಿದೆ. ಲಾಯ್ಕಿತ್ತು ಎಂದ. ಒಂದೂವರೆಗೆ ನಿದ್ದೆ ಹೋದ. ನಾನು ಪಕ್ಕದ ಸ್ಟೂಲಿನಲ್ಲೇ ಇದ್ದೆ, ಏಳಲಿಲ್ಲ. ಮೂರು ಗಂಟೆಯ ಸುಮಾರಿಗೆ ಎಚ್ಚರಾಗಿ, ಕೈ ತೊಳೆಯಬೇಕು, ನೀರು ಕೊಡು ಎಂದ. ಚಮಚದಲ್ಲಿ ತಿಂದವನ ಕೈಗೆ ಏನಾಯಿತು ಎಂದೆ. ಬಲಗೈ ಚಾಚಿದ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗುರುವಾರ ತೀರಿಕೊಂಡ.

ಊರಿನಲ್ಲಿ ಕ್ರಿಯೆಗಳನ್ನು ಮುಗಿಸಿ ಬಂದ ಮೇಲೆ, ಒಂದು ಸೋಮವಾರ ಮಧ್ಯಾಹ್ನ ವಡಾಲಕ್ಕೆ ಹೋದೆ. ದುಃಖದಿಂದ ಹೋದೆ ಎಂದರೆ ಪೂರ್ತಿ ನಿಜವಲ್ಲ. ಆ ಪಲ್ಯದಲ್ಲಿ ಅಂಥದ್ದೇನಿದೆ ಎಂದು ನೋಡಬೇಕಿತ್ತು. ಒಂದೇ ತುತ್ತಿಗೆ ಗೊತ್ತಾಯಿತು. ಹುಣಸೆಯ ಹುಳಿ ನಾಲಗೆಯ ಮೇಲೆ ನಿಲ್ಲುತ್ತದೆ, ಇದು ಗಂಟಲಿಗಿಳಿದು ಮತ್ತೆ ಬಾಯಿಗೆ ಬರುತ್ತಿತ್ತು. ನಾನು ಮಾಡಿದ್ದು ಬೇರೆಯೇ ಪದಾರ್ಥ.

ಕಸ್ತೂರಿಬಾಯಿ ನನ್ನ ಮುಖವನ್ನೇ ನೋಡುತ್ತಿದ್ದವಳು, ಸತೀಶನ ಅಣ್ಣನೇ ಎಂದು ಕೇಳಿದಳು. ಹೌದೆಂದೆ, ಅವನು ಹೋಗಿಬಿಟ್ಟ, ಹದಿನೆಂಟು ದಿನವಾಯಿತು, ಗುರುವಾರ ಎಂದೆ. ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಬೆರಳು ಮಡಿಸಿ ಎಣಿಸಿದಳು.

"ಹಂಗಾರ ಮೂರು ದಿನ ಮೊದ್ಲ ಬಂದಿದ್ದನಲ್ರಿ. ಸೋಮಾರ, ಎರಡು ಗಂಟೆಕ್ಕ. ನನ್ನ ಮಗಳ ಹತ್ತನೇತ್ತೆ ರಿಸಲ್ಟ್ ಬಂದಿತ್ತು, ಪೇಡೆ ಕೊಟ್ಟೆ. ಕೈಮ್ಯಾಲೆ ಪಟ್ಟಿ ಅಂಟಿಸಿದ್ರು. ಏನಾತಪಾ ಅಂದ್ರ ಸೂಜಿ ಅಂದ."

ಆ ದಿನ ಅವನು ನನ್ನ ಕಣ್ಣೆದುರೇ ಮಲಗಿದ್ದ, ನೀನು ನೋಡಿದ್ದು ಬೇರೆ ಯಾರನ್ನೋ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ಅನ್ನಕ್ಕ ಪುಂಡಿಪಲ್ಯ ಕಲಸಿ ತಿನ್ನಾಂವ ಅವನೊಬ್ಬನ ರೀ. ತಿಂದು ಏನಂದ ಗೊತ್ತೇನು? ನಮ್ಮಣ್ಣ ಮಾಡಿದ್ದೂ ಚಲೋ ಇತ್ತಕ್ಕಾ, ಆದ್ರ ಅದು ಪುಂಡಿಪಲ್ಯ ಅಲ್ಲ, ಅಂದ. ನಕ್ಕೋತ ಅಂದ."

ಮಾಡಿದ್ದು ಎಂದನಂತೆ, ತಂದಿದ್ದು ಎನ್ನಲಿಲ್ಲ. ಆ ಸುಳ್ಳನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಬಲಗೈ ನೆನಪಾಗಿ, ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಆಸ್ಪತ್ರೆಗೆ ಹೋಗಿ ಕೇಳಿದೆ. ವಾರ್ಡಿನ ನರ್ಸು, ಅವನಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ ಎಂದಳು. ಅವನ ಬ್ಯಾಗನ್ನು ಬುಡಮೇಲು ಮಾಡಿದೆ. ಪೇಡೆ ಸಿಗಲಿಲ್ಲ. ಸಿಕ್ಕಿತ್ತು ಎಂದು ಬರೆದರೆ ನಿಮಗೆ ಚೆನ್ನಾಗಿ ಕಾಣಬಹುದು, ಆದರೆ ಸಿಗಲಿಲ್ಲ.

ಇದನ್ನು ಕೇಳಿದವರೆಲ್ಲ ಒಂದೊಂದು ದಾರಿ ತೋರಿಸಿದರು. ಅವನೇ ಫೋನು ಮಾಡಿರಬೇಕು ಎಂದ ಒಬ್ಬ ಗೆಳೆಯ; ಅವನ ಫೋನು ಆಗ ಒಂದು ವಾರದಿಂದ ಆಫ್ ಆಗಿ ನನ್ನ ಚೀಲದಲ್ಲಿತ್ತು. ಊರಿನ ಭಟ್ಟರು ಶಾಂತಿ ಮಾಡಿಸು ಎಂದರು. ಮಾಡಿಸಲಿಲ್ಲ, ಮಾಡಿಸುವುದೂ ಇಲ್ಲ. ಹಸಿದವನು ಊಟಕ್ಕೆ ಹೋದದ್ದಕ್ಕೆ ಶಾಂತಿ ಯಾಕೆ? ಹೆಂಡತಿ, ಕೈಲಾದದ್ದು ಮಾಡಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ ಎನ್ನುತ್ತಾಳೆ. ಕೈಲಾದದ್ದನ್ನು ಮಾಡಲಿಲ್ಲ ಎಂಬುದೇ ನಾನು ಹೇಳುತ್ತಿರುವುದು. ಆ ಸಮಾಧಾನ ನನಗೆ ಬೇಡ.

ಓದಿದವರು, ತಿಳಿದವರು ಇದ್ದೀರಿ. ಹಾಸಿಗೆಯಿಂದ ಏಳಲಾಗದವನು ಪರೇಲಿನಿಂದ ವಡಾಲಕ್ಕೆ ಹೇಗೆ ಹೋದ ಎಂದು ಗೊತ್ತಿದ್ದರೆ ಹೇಳಿ, ಕೇಳುತ್ತೇನೆ. ಯಾಕೆ ಹೋದ ಎಂದು ಮಾತ್ರ ಯಾರೂ ನನಗೆ ಹೇಳಬೇಕಾಗಿಲ್ಲ.