ಕೆಂಪು ಗೆರೆಯ ನಕ್ಷೆ

ಅದ್ರಾಮ ಬ್ಯಾರಿಗಳೇ, ಬಾಬುವಿನ ಕಣ್ಣು ಹೋದದ್ದು ನಿಮ್ಮ ದೀಪದಿಂದಲ್ಲ, ನನ್ನ ಸುಳ್ಳಿನಿಂದ. ಒಂಬತ್ತು ವರ್ಷಗಳಿಂದ ನಾನಿದನ್ನು ಬಲ್ಲೆ. ನಿಮಗೆ ತಿಳಿಯಗೊಡಲಿಲ್ಲ.

ಸುಳ್ಯ ಇನ್ನೂ ಪುತ್ತೂರು ತಾಲೂಕಿಗೆ ಸೇರಿದ್ದ ಕಾಲ. ನಿಮ್ಮ ಹಿತ್ತಲಿಗೆ ತಾಗಿದ ಬಸ್ಸಿನ ಶೆಡ್ಡಿನಲ್ಲಿ ನಾನು ರೈಟರ್. ಶೆಡ್ಡಿನ ಹಿಂದೆ ಪೆಟ್ರೋಲ್ ಟ್ಯಾಂಕ್ ಹೂಳಿಸಿ, ಅಲ್ಲಿಂದ ರಸ್ತೆ ಬದಿಯ ಪಂಪಿಗೆ ನೆಲದಡಿಯಲ್ಲೇ ಪೈಪ್ ಎಳೆಸುವ ಕೆಲಸವನ್ನು ಧಣಿಗಳು ನನಗೆ ಒಪ್ಪಿಸಿದ್ದರು. ನಡುವೆ ಪಾದೆಕಲ್ಲು ಅಡ್ಡ ಬಂತು. ಒಡೆಯಲು ವಾರ ಬೇಕೆಂದರು ಆಳುಗಳು. ನೀವು ಮನೆಮಂದಿಯೆಲ್ಲ ಮದುವೆಗೆಂದು ನೆಲ್ಯಾಡಿಗೆ ಹೋಗಿದ್ದಿರಿ. ನೀವು ಮರಳುವುದರೊಳಗೆ ಪೈಪನ್ನು ನಿಮ್ಮ ಹಿತ್ತಲ ಮೂಲೆಯೊಳಗಿಂದ ಬಳಸಿ ತಂದು, ಮಣ್ಣು ಮುಚ್ಚಿಸಿ, ಮೇಲೆ ತರಗೆಲೆ ಹರಡಿಸಿದೆ. ಕೆಲಸ ಬೇಗ ಮುಗಿಸಿದೆನೆಂದು ಧಣಿಗಳು ಬೆನ್ನು ತಟ್ಟಿದರು. ಮುಂದೆ ದುರಸ್ತಿಗೆ ಬೇಕಾದೀತೆಂದು ಪೈಪಿನ ನಿಜವಾದ ದಾರಿಯನ್ನು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತಿಸಿ, ಮೇಜಿನ ಖಾನೆಯಲ್ಲಿಟ್ಟೆ.

ಮರುವರ್ಷ ನೀವು ಬಂದಿರಿ.

"ರೈಟ್ರೆ, ಹಿತ್ತಲಲ್ಲಿ ಬಾವಿ ತೋಡುದು ಅಂತ ಉಂಟು. ನಿಮ್ಮ ಪೈಪ್ ಎಲ್ಲಿಂದ ಹೋಗುದು? ನಕ್ಷೆ ಉಂಟಾದ್ರೆ ಒಮ್ಮೆ ತೋರಿಸಿ."

"ಅದು ಕಂಡಕಂಡವರಿಗೆ ತೋರಿಸುವ ಕಾಗದ ಅಲ್ಲ ಬ್ಯಾರಿಗಳೇ. ನಿಮ್ಮ ಬದಿಯಲ್ಲಿ ಎಂತದೂ ಇಲ್ಲ. ತೋಡಿ."

ನಕ್ಷೆ ನನ್ನ ಮೊಣಕೈಯ ಕೆಳಗೇ ಇತ್ತು. ತೋರಿಸಿದರೆ ನನ್ನ ಕಳ್ಳತನ ಬಯಲಾಗುತ್ತಿತ್ತು, ಅಷ್ಟೇ.

ಬಾವಿ ಐದು ಕೋಲು ಆಳಕ್ಕೆ ಇಳಿದಾಗ ಮತ್ತೆ ಬಂದಿರಿ. ಬಾವಿ ತೋಡುವ ಆಳು ಬಾಬು ಗಂಜಿಗೆಂದು ಮೇಲೆ ಬಂದಿದ್ದಾನೆ, ಒಳಗೆ ಪೆಟ್ರೋಲ್ ವಾಸನೆ ಉಂಟು ಎಂದಿರಿ. ಆಗಲಾದರೂ—

"ಪಕ್ಕದಲ್ಲೇ ಬಸ್ಸಿನ ಶೆಡ್ ಉಂಟು ಮಾರಾಯ್ರೆ, ಮತ್ತೆ ಮಲ್ಲಿಗೆ ಪರಿಮಳ ಬರುದಾ?" ಎಂದು ನಕ್ಕೆ.

ನೀವೂ ನಕ್ಕಿರಿ. "ಹೌದು ಹೌದು. ಆದ್ರೂ ಅವ ಇಳಿಯುವ ಮುಂಚೆ ಒಂದು ದೀಪ ಇಳಿಸಿ ಗಾಳಿ ನೋಡ್ತೇನೆ" ಎಂದು ಹೊರಟಿರಿ.

ಬಾವಿಗೆ ಆಳು ಇಳಿಸುವ ಮೊದಲು ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಬಿಡುವುದು, ಅದು ನಂದಿದರೆ ಗಾಳಿ ಕೆಟ್ಟಿದೆ ಎಂದು ತಿಳಿಯುವುದು—ನಮ್ಮಲ್ಲಿ ಯಾರಾದರೂ ಮಾಡುವ ಎಚ್ಚರಿಕೆ ಅದು. ದೀಪ ಎಂಬ ಮಾತು ಕೇಳಿ ನಾನು ಎದ್ದೆ. ಬಾಗಿಲವರೆಗೆ ಹೋದೆ. ಕೂಗಿದ್ದರೆ ನಿಮಗೆ ಕೇಳಿಸುತ್ತಿತ್ತು. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂದುಕೊಂಡು ತಿರುಗಿ ಬಂದು ಕುರ್ಚಿಯಲ್ಲಿ ಕುಳಿತೆ. ಹೌದು, ಕುಳಿತೆ—ಇದನ್ನು ಬರೆಯುವಾಗಲೂ ನನಗೆ ನಂಬಲಾಗುತ್ತಿಲ್ಲ.

ಆಮೇಲೆ ಸದ್ದು. ಓಡಿ ಬಂದಾಗ ಬಾವಿಯ ಬಾಯಿಯಿಂದ ತೆಂಗಿನ ಮರದೆತ್ತರಕ್ಕೆ ಬೆಂಕಿ ನಿಂತಿತ್ತು. ದೀಪ ನೋಡಲೆಂದು ಬಗ್ಗಿದ್ದ ಬಾಬು ಮುಖ ಮುಚ್ಚಿಕೊಂಡು ಕೂತಿದ್ದ. ನಿಮ್ಮ ಕೈಯಲ್ಲಿ ಹಗ್ಗದ ತುಂಡು ಹಾಗೇ ಇತ್ತು.

ಪೊಲೀಸರು ನಕ್ಷೆ ಕೇಳಿದರು. ನೆಟ್ಟಗೆ ಗೆರೆ ಎಳೆದ ಹೊಸದೊಂದನ್ನು ಬರೆದು ಕೊಟ್ಟೆ. ನೆಲದೊಳಗಿನ ಕೆಟ್ಟ ಗಾಳಿ, ದೀಪ ಇಳಿಸಿದವನದೇ ತಪ್ಪು ಎಂದು ಊರು ತೀರ್ಮಾನಿಸಿತು. ಪಂಪನ್ನು ಮರುವಾರವೇ ಟ್ಯಾಂಕಿನ ಬಳಿಗೆ ಬದಲಾಯಿಸಿದವನು ನಾನು—ನಿಮ್ಮ ಹಿತ್ತಲಲ್ಲಿ ಪೈಪ್ ಸೋರುತ್ತಿದೆಯೆಂದು ನನಗೆ ಗೊತ್ತಿತ್ತು.

ನೀವು ಬಾಬುವನ್ನು ಮನೆಗೆ ಕರೆತಂದು ಸಾಕಿದಿರಿ. ಮೊನ್ನೆ ನಿಮ್ಮ ಜಗಲಿಯಲ್ಲಿ ಬೀಡಿಗೆ ಬೆಂಕಿ ಕೇಳಿದೆ. ನೀವು ಕಡ್ಡಿಪೆಟ್ಟಿಗೆಯನ್ನು ಬಾಬುವಿನ ಕೈಗೆ ಕೊಟ್ಟಿರಿ. ಕಣ್ಣಿಲ್ಲದವನು ಕಡ್ಡಿ ಗೀರಿದ.

"ನನ್ನ ಕೈಯಲ್ಲಿ ಆಗುದಿಲ್ಲ ರೈಟ್ರೆ. ಇದು ಪಾಪದ ಕೈ" ಎಂದಿರಿ.

ಬೀಡಿ ನನ್ನ ಬಾಯಿಂದ ಬಿತ್ತು.

ಹಳೆಯ ನಕ್ಷೆ ಇದರ ಜೊತೆಗಿದೆ. ಈ ಕಾಗದದ್ದೇ ಒಂದು ಪ್ರತಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಪಂಚಾಯಿತಿಯ ಗೋಡೆಗೆ ಅಂಟಿಸಿಬಂದಿದ್ದೇನೆ, ಕೆಳಗೆ ನನ್ನ ಹೆಸರಿದೆ. ಪೊಲೀಸರಿಗೂ ಹೇಳುತ್ತೇನೆ. ಈ ಕಾಗದವನ್ನು ಬಾಬುವಿಗೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಅವನ ಬೆರಳು ಹಿಡಿದು ಆ ಕೆಂಪು ಗೆರೆ ನಿಮ್ಮ ಹಿತ್ತಲಿಗೆ ತಿರುಗುವಲ್ಲಿ ಇಡಿ. ನಿಮ್ಮ ಕೈಯಿಂದಲೇ ಇಡಿ, ಬ್ಯಾರಿಗಳೇ. ಆ ಕೈ ಯಾವ ಪಾಪವನ್ನೂ ಮಾಡಿಲ್ಲ.