ಚೀಟಿಯಲ್ಲಿಲ್ಲದ ಗಂಟೆ

ನನ್ನ ಅಕ್ಕನ ಗಂಡನಿಗೆ ನಮ್ಮ ಬೀದಿಯಲ್ಲಿ ಟೈಮಣ್ಣ ಅಂತಲೇ ಹೆಸರು. ನನಗೆ ಮಾತ್ರ ಭಾವ. ಮನೆಗಳಿಗೆ ಕ್ಯಾಮೆರಾ ಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ಹಾಕಿದ ಕ್ಯಾಮೆರಾದ ಗಡಿಯಾರ ತಪ್ಪಿದರೆ ಸರಿಮಾಡಲು ಬರುವವರು ಇವರೊಬ್ಬರೇ; ಹಾಕಿದವರು ಆಮೇಲೆ ಫೋನೇ ಎತ್ತುವುದಿಲ್ಲ. ಕರೆಂಟು ಹೋಗಿ ಬಂದರೆ ಚಿತ್ರ ರೆಕಾರ್ಡು ಮಾಡುವ ಕೆಲವು ಪೆಟ್ಟಿಗೆಗಳು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂರುತ್ತವೆ. ಇನ್ನು ಕೆಲವು ದಿನಕ್ಕೊಂದು ನಿಮಿಷದಂತೆ ಸದ್ದಿಲ್ಲದೆ ಮುಂದಕ್ಕೆ ಓಡುತ್ತವೆ. ಪರದೆಯನ್ನು ನಂಬುವುದಾದರೆ, ಒಂದು ಮನೆಯ ಯಜಮಾನರು ಆ ಮನೆ ಕಟ್ಟುವ ಐದು ವರ್ಷ ಮೊದಲೇ ಅದರ ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿದ್ದರು.

ಭಾವ ಹೋದ ತಕ್ಷಣ ಗಡಿಯಾರಕ್ಕೆ ಕೈ ಹಾಕುತ್ತಿರಲಿಲ್ಲ. ಮೊದಲು ತಮ್ಮ ಕೈಗಡಿಯಾರವನ್ನು ಪರದೆಯ ಪಕ್ಕ ಹಿಡಿದು ಫೋಟೋ ತೆಗೆಯಬೇಕು. ಆಮೇಲೆ ನೀಲಿ ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಯಬೇಕು: ಇಂಥ ಮನೆ, ಪರದೆಯಲ್ಲಿ ಇಷ್ಟು, ಕೈಯಲ್ಲಿ ಇಷ್ಟು, ವ್ಯತ್ಯಾಸ ಇಷ್ಟು. ಅಷ್ಟಾದ ಮೇಲೇ ಸರಿಮಾಡುವುದು. ಕೆಲಸ ಕಲಿಸಿದವರು ಹಾಗೆ ಕಲಿಸಿದ್ದರಂತೆ.

"ಹಳೇ ರೆಕಾರ್ಡೆಲ್ಲ ತಪ್ಪು ಟೈಮಲ್ಲೇ ಉಳಿದಿರುತ್ತೆ ಕಣೋ," ಅನ್ನುತ್ತಿದ್ದರು. "ಎಷ್ಟು ತಪ್ಪು ಅಂತ ಗೊತ್ತಿದ್ರೆ ಅದೂ ಸರಿಯಾದ ಟೈಮೇ. ಅಳತೆ ಮಾಡ್ದೆ ತಪ್ಪನ್ನ ಅಳಿಸಬಾರ್ದು."

ಇಷ್ಟೊಳ್ಳೆಯ ಮಾತಿಗೆ ನಾನು ನಗುತ್ತಿದ್ದೆ. ಅವರ ಅಂಗಡಿಯ ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಜನರ ಅರ್ಜಿ ತುಂಬಿಕೊಡುತ್ತೇನೆ, ಚೀಟಿ ಪುಸ್ತಕ ಅಚ್ಚು ಹಾಕಿಕೊಡುತ್ತೇನೆ, ಕೇಳದೆ ಇದ್ದವರಿಗೂ ಬುದ್ಧಿ ಹೇಳುತ್ತೇನೆ. ಭಾವನಿಗೆ ನಾನು ಎರಡು ಉಪಕಾರ ಮಾಡಿದೆ. ಒಂದು, ಒಂದೇ ಒತ್ತಿಗೆ ಪೆಟ್ಟಿಗೆಯ ಸಮಯ ತಾನಾಗಿ ಸರಿಹೋಗುವ ಆ್ಯಪನ್ನು ಅವರ ಫೋನಿಗೆ ಹಾಕಿಕೊಟ್ಟೆ. ಎರಡು, ಗಿರಾಕಿಗೆ ಕೊಡುವ ಚೀಟಿಯನ್ನು ಹೊಸದಾಗಿ ಅಚ್ಚು ಹಾಕಿದೆ. ಹಳೆಯದರಲ್ಲಿ ತಾರೀಕು, ಗಂಟೆ, ವ್ಯತ್ಯಾಸ ಅಂತ ಮೂರು ಕಾಲಂ ಇದ್ದವು. ಫೋನ್ ನಂಬರು ದಪ್ಪಗೆ ಕಾಣಲಿ ಅಂತ ಎರಡನ್ನು ಕಿತ್ತುಹಾಕಿದೆ. ತಾರೀಕು ಉಳಿಸಿ, ಕೆಳಗೆ "ಸಮಯ ಸರಿಯಿದೆ" ಅಂತ ನಾನೇ ಅಚ್ಚು ಹಾಕಿದೆ. ಭಾವ ಸಹಿ ಮಾಡಿದರೆ ಸಾಕು.

"ಗಂಟೆ ಎಲ್ಲೋ?" ಅಂದರು ಭಾವ.

"ಯಾರು ನೋಡ್ತಾರೆ ಬಿಡಿ ಭಾವ," ಅಂದೆ.

ಇನ್ನು ತಾಚಿಯಮ್ಮನ ವಿಷಯ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಕೆ. ಎಂಥ ಹಟಮಾರಿ ಮಗುವನ್ನೂ ಹೆಗಲಿಗೆ ಹಾಕಿಕೊಂಡು "ತಾಚಿ ತಾಚಿ" ಅಂತ ಎರಡು ಸುತ್ತು ಬಂದರೆ ಮಗು ನಿದ್ದೆಹೋಗುತ್ತಿತ್ತು. ಮೊದಲ ಮನೆಯ ಮಗು ಇಟ್ಟ ಹೆಸರು ಹನ್ನೊಂದು ವರ್ಷ ಅಂಟಿಕೊಂಡಿತ್ತು. ಆಯಾಗಳನ್ನು ಮನೆಗಳಿಗೆ ಕಳಿಸುವ ಏಜೆನ್ಸಿಯಲ್ಲಿ ಆಕೆಯದು ಮೊದಲ ಹೆಸರು. ನಮ್ಮ ಅಕ್ಕನ ಮಗಳನ್ನೂ ಒಂದು ವರ್ಷ ಆಡಿಸಿದ್ದಳು.

ಆಕೆ ಕೆಲಸಕ್ಕಿದ್ದ ಮನೆಗೆ ಒಂದು ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಭಾವ ಹೋದರು. ಕ್ಯಾಮೆರಾ ಮಸುಕಾಗಿದೆ, ಟೈಮೂ ಸ್ವಲ್ಪ ಹೆಚ್ಚುಕಮ್ಮಿ ಇದೆ ಅಂತ ಮನೆಯವರು ನಾಲ್ಕು ದಿನ ಮೊದಲೇ ಹೇಳಿಟ್ಟಿದ್ದರು. ಅಂದು ಮನೆಯಲ್ಲಿ ಅಜ್ಜಿ ಒಬ್ಬರೇ. ಬೆಳಿಗ್ಗೆ ಮಗು ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿದೆ, ಎಲ್ಲರೂ ಆಸ್ಪತ್ರೆಯಲ್ಲಿದ್ದಾರೆ, ಬೇಗ ಮುಗಿಸಿ ಅಂದರು. ಭಾವ ಗಾಜು ಒರೆಸಿದರು, ಫೋನು ತೆಗೆದರು, ನಾನು ಹಾಕಿಕೊಟ್ಟ ಆ್ಯಪನ್ನು ಒತ್ತಿದರು. ಪರದೆಯಲ್ಲಿ ಮೊದಲು ಎಷ್ಟು ಗಂಟೆ ಇತ್ತು ಅಂತ ನೋಡಲಿಲ್ಲ. ಅಳುತ್ತಿದ್ದ ಅಜ್ಜಿಯ ಎದುರು ಕೈಗಡಿಯಾರ ಬಿಚ್ಚಿ ಫೋಟೋ ತೆಗೆಯಲು ನಾಚಿಕೆಯಾಯಿತಂತೆ. ಚೀಟಿಗೆ ಸಹಿ ಹಾಕಿ ಮೇಜಿನ ಮೇಲಿಟ್ಟು ಬಂದರು.

ಒಂಬತ್ತನೇ ದಿನ ತಾಚಿಯಮ್ಮ ಅಂಗಡಿಗೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು.

"ಅಣ್ಣಾ, ಆ ಮನೆ ಕ್ಯಾಮೆರಾ ಟೈಮು ತಪ್ಪಿತ್ತು ಅಲ್ವಾ? ನೀವೇ ತಾನೆ ಸರಿ ಮಾಡಿದ್ದು?"

ವಿಷಯ ಇಷ್ಟು. ಹನ್ನೊಂದು ಗಂಟೆಗೆ ತಾನು ಮಗುವನ್ನು ಆಯಾ ಕೈಗೆ ಕೊಟ್ಟೆ ಅಂತ ತಾಯಿ ಹೇಳುತ್ತಿದ್ದರು. ಇಲ್ಲ, ಮಗುವನ್ನು ಅಮ್ಮನೇ ಮಹಡಿಗೆ ಕರೆದುಕೊಂಡು ಹೋದರು, ನಾನು ಅಡುಗೆಮನೆಯಲ್ಲಿ ಹಾಲಿನ ಬಾಟಲಿ ತೊಳೆಯುತ್ತಿದ್ದೆ ಅಂತ ಈಕೆ ಹೇಳುತ್ತಿದ್ದಳು. ಮಗು ಬಿದ್ದದ್ದು ಹನ್ನೊಂದು ಇಪ್ಪತ್ತಕ್ಕೆ. ಹನ್ನೊಂದು ಇಪ್ಪತ್ತೆರಡಕ್ಕೆ ತಾಯಿ ಆಸ್ಪತ್ರೆಗೆ ಫೋನ್ ಮಾಡಿದ್ದು ದಾಖಲಾಗಿದೆ. ಮರುದಿನ ತಂದೆ ಗೇಟಿಗೆ ಮುಖಮಾಡಿದ್ದ ಆ ಒಂದೇ ಕ್ಯಾಮೆರಾ ನೋಡಿದರೆ, ಹನ್ನೊಂದು ಇಪ್ಪತ್ತಕ್ಕೆ ತಾಚಿಯಮ್ಮ ಗೇಟಿನಲ್ಲಿ ಇಸ್ತ್ರಿಯವನ ಜೊತೆ ನಗುತ್ತಾ ನಿಂತಿದ್ದಾಳೆ. ನಲವತ್ತು ಸೆಕೆಂಡಿನ ಆ ತುಣುಕನ್ನು ಏಜೆನ್ಸಿಗೆ ಕಳಿಸಿದರು. ಅಡುಗೆಮನೆಯಲ್ಲಿದ್ದೆ ಅಂದವಳು ಗೇಟಿನಲ್ಲಿ ಸಿಕ್ಕಿಬಿದ್ದಳು. ಸುಳ್ಳಿ ಅಂತ ಒಂದು ಸಲ ಅನ್ನಿಸಿಕೊಂಡ ಮೇಲೆ ಆಕೆಯ ಉಳಿದ ಮಾತನ್ನು ಕೇಳುವವರು ಯಾರು?

"ಇಸ್ತ್ರಿ ಬಟ್ಟೆ ಇಸ್ಕೊಂಡಿದ್ದು ನಿಜ ಅಣ್ಣಾ. ಅದು ಹನ್ನೊಂದಕ್ಕೂ ಮುಂಚೆ. ಆಗ ಮಗು ಅಜ್ಜಿ ತೊಡೆ ಮೇಲಿತ್ತು. ನೀವೊಂದ್ಮಾತು ಹೇಳಿದ್ರೆ ಸಾಕು."

ಭಾವ ನೀಲಿ ಪುಸ್ತಕ ತೆರೆದರು. ಆ ಮಂಗಳವಾರ ಐದು ಮನೆ ಇದ್ದವು, ಈ ಮನೆ ಇರಲಿಲ್ಲ. ಪುಟ ತಿರುಗಿಸಿ ಮತ್ತೆ ಅದೇ ಪುಟಕ್ಕೆ ಬಂದರು. ಅವರ ಮುಖ ನೋಡಲಾಗದೆ ನಾನು ಮೆಷಿನ್ನಿಗೆ ಕಾಗದ ತುಂಬುವವನಂತೆ ಬಗ್ಗಿದೆ.

"ತಪ್ಪಿತ್ತಮ್ಮ," ಅಂದರು. "ಎಷ್ಟು ಅಂತ ಮಾತ್ರ ಗೊತ್ತಿಲ್ಲ."

ಇಸ್ತ್ರಿಯವನನ್ನು ಕೇಳಿದೆವು. "ದಿನಕ್ಕೆ ಐವತ್ತು ಮನೆ ಸುತ್ತುತೀನಿ. ಹತ್ತೂ ಮುಕ್ಕಾಲೋ ಹನ್ನೊಂದೂವರೆನೋ, ನಾನೇನು ವಾಚ್ ಕಟ್ಟಿದೀನಾ?" ಅಂದ. ಅಜ್ಜಿ ಸೊಸೆಯ ಮುಖ ನೋಡಿ, "ನಂಗೆ ನೆನಪಿಲ್ಲಪ್ಪ," ಅಂದರು. ಭಾವ ಪೆಟ್ಟಿಗೆ ತೆರೆಸಿ ಹಳೆಯ ರೆಕಾರ್ಡು ಹುಡುಕಿದರು. ತಾವು ಗುಂಡಿ ಒತ್ತಿದ ಕ್ಷಣ ಸಿಕ್ಕಿದ್ದರೆ ಸಮಯ ಎಷ್ಟು ಹಾರಿತು ಅಂತ ಕಾಣುತ್ತಿತ್ತು. ಆ ಪೆಟ್ಟಿಗೆ ಉಳಿಸಿಕೊಳ್ಳುವುದು ಏಳು ದಿನದ ಚಿತ್ರ ಮಾತ್ರ, ಆಮೇಲೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ನಾವು ಎರಡು ದಿನ ತಡವಾಗಿದ್ದೆವು. ಅಂದಿನಿಂದ ಆ್ಯಪ್ ತಾನೇ ದಿನವೂ ಸಮಯ ಸರಿಮಾಡುತ್ತಿದ್ದರಿಂದ, ಗಡಿಯಾರ ದಿನಕ್ಕೆಷ್ಟು ಓಡುತ್ತದೆ ಅಂತ ಅಳೆಯಲೂ ಆಗಲಿಲ್ಲ.

ಮಗುವಿನ ತಂದೆ ಕೆಟ್ಟವರಲ್ಲ, ಅದೇ ನನಗೆ ಇನ್ನೂ ಸಿಟ್ಟು. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. "ನಾನು ಹೋದ ತಿಂಗಳು ನೋಡ್ದಾಗ ಎರಡು ಮೂರು ನಿಮಿಷ ವ್ಯತ್ಯಾಸ ಇತ್ತು, ಅಷ್ಟೇ," ಅಂದರು. ದಿನಕ್ಕೊಂದು ನಿಮಿಷ ಓಡುವ ಪೆಟ್ಟಿಗೆಗೆ ತಿಂಗಳು ಅಂದರೆ ಎಷ್ಟು ಅಂತ ಭಾವ ವಿವರಿಸಿದರು. ಅವರು ಸಮಾಧಾನವಾಗಿ ಕೇಳಿ, ತಲೆಯಾಡಿಸಿ, ಚೀಟಿ ತಂದು ತೋರಿಸಿದರು. ಮಂಗಳವಾರದ್ದೇ ತಾರೀಕು. ಸಮಯ ಸರಿಯಿದೆ. ಕೆಳಗೆ ಭಾವನ ಸಹಿ. ಅದು ಬೆಳಿಗ್ಗೆಯ ಮಾತೋ ಸಂಜೆಯ ಮಾತೋ ಅಂತ ಹೇಳಲು ಅದರಲ್ಲಿ ಗಂಟೆ ಇರಲಿಲ್ಲ. ನನ್ನ ಅಂಗಡಿಯ ಅಚ್ಚು ಮಾತ್ರ ಎಷ್ಟು ಚೊಕ್ಕವಾಗಿತ್ತು ಗೊತ್ತೇ?

"ನಾಲ್ಕು ಗಂಟೆಗೆ ಬಂದಿದ್ದು ಸಾರ್ ನಾನು," ಅಂದರು ಭಾವ. "ಆಮೇಲೇ ಸರಿಯಾಗಿದ್ದು."

"ಮೊದಲು ಎಷ್ಟಿತ್ತು, ಹೇಳಿ ಮತ್ತೆ?"

ನಲವತ್ತು ನಿಮಿಷ ಅಂದುಬಿಡಿ ಅಂತ ನಾನು ಭಾವನನ್ನು ಹಿಂದಿನಿಂದ ಮೊಣಕೈಯಲ್ಲಿ ತಿವಿದೆ. ಜೀವಮಾನದಲ್ಲಿ ಒಂದು ನಿಮಿಷ ಆಚೀಚೆ ಹೇಳದವರ ಬಾಯಲ್ಲಿ ನಲವತ್ತು ನಿಮಿಷದ ಸುಳ್ಳು ಹೊರಡಲಿಲ್ಲ.

ಆದರೆ ಕೈಚೆಲ್ಲಿಯೂ ಕೂರಲಿಲ್ಲ. ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು ಬಂದು ಅದನ್ನೇ ನೋಡುತ್ತಾ ಕೂತರು. ಗೇಟಿನ ಸರಳುಗಳ ನೆರಳು ಅಂಗಳದ ಮೂರನೇ ಚಪ್ಪಡಿಯ ಸೀಳನ್ನು ಮುಟ್ಟಿತ್ತು. ಮರುದಿನ ಹತ್ತು ಗಂಟೆಯಿಂದ ಹೋಗಿ ಗೇಟಿನ ಹೊರಗೆ ನಿಂತರು. ಮೋಡ. ಅದರ ಮರುದಿನವೂ ಮೋಡ. ಮೂರನೇ ದಿನ ಬಿಸಿಲು ಬಂತು. ನೆರಳು ಆ ಸೀಳನ್ನು ಮುಟ್ಟಿದ್ದು ಹತ್ತು ಮೂವತ್ತೊಂಬತ್ತಕ್ಕೆ. ಹನ್ನೊಂದು ಇಪ್ಪತ್ತಕ್ಕೆ ಅದು ಒಂದು ಗೇಣು ಹಿಂದೆ ಸರಿದಿತ್ತು. ಎರಡು ಸಲವೂ ಕೈಗಡಿಯಾರ ಪಕ್ಕದಲ್ಲಿಟ್ಟು ಫೋಟೋ ತೆಗೆದು, ಪುಸ್ತಕದಲ್ಲಿ ಬರೆದು, ಓಡಿಬಂದರು. ಭಾವ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂದೇ ಮೂವರೂ ಏಜೆನ್ಸಿಗೆ ಹೋದೆವು. ಅಲ್ಲಿನ ಮ್ಯಾನೇಜರ್ ಮೇಡಂ ಎರಡೂ ಫೋಟೋ ಹಿಗ್ಗಿಸಿ ನೋಡಿದರು. ತಾಚಿಯಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ನೆರಳು ನೋಡಿ ಟೈಮ್ ಹೇಳ್ತೀರಾ?" ಅಂದರು ಮೇಡಂ. ವ್ಯಂಗ್ಯವಿರಲಿಲ್ಲ, ಸುಸ್ತಿತ್ತು. "ಮಗು ಹೆತ್ತವರಿಗೆ ನಾನು ಇದನ್ನ ಹೇಗೆ ತೋರಿಸ್ಲಿ? ಅವರ ಹತ್ರ ಪರದೆ ಮೇಲಿನ ನಂಬರ್ ಇದೆ."

"ಬರೆದುಕೊಡ್ತೀನಿ ಮೇಡಂ," ಅಂದರು ಭಾವ. "ಸಹಿ ಹಾಕಿ ಕೊಡ್ತೀನಿ."

"ಆವತ್ತು ಸರಿಯಿದೆ ಅಂತ ಸಹಿ ಹಾಕಿದ್ರಿ. ಈಗ ತಪ್ಪಿತ್ತು ಅಂತ ಹಾಕ್ತೀರಿ. ಯಾವ ಸಹಿ ನಂಬ್ಲಿ ಅಣ್ಣಾ?"

ಚೀಟಿಯಲ್ಲಿ ಗಂಟೆ ಕಿತ್ತುಹಾಕಿದ್ದು ನಾನು ಅಂದೆ. ಜೋರಾಗಿಯೇ ಅಂದೆ. ಅವರು ನನ್ನನ್ನು ನೋಡಿ, ಮತ್ತೆ ಮಗುವಿನ ತಂದೆ ಕಳಿಸಿದ್ದ ಚೀಟಿಯನ್ನು ನೋಡಿ, "ನೀವು ಇವರಿಗೆ ಏನಾಗಬೇಕು?" ಅಂದರು. ಭಾವಮೈದ ಅಂದೆ. ಅಲ್ಲಿಗೆ ನನ್ನ ಸಾಕ್ಷಿಯೂ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ ನಾವಿಬ್ಬರು ಮಾಡಿದ್ದಕ್ಕೆ ಅವಳ ಹೆಸರು ಪಟ್ಟಿಯಿಂದ ಹೋಯಿತು. ಒಂದು ಏಜೆನ್ಸಿ ತೆಗೆದ ಹೆಸರನ್ನು ಇನ್ನೊಂದು ಸೇರಿಸುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅವಳು ಭಾವನಿಗೇ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಿ ಅಣ್ಣಾ, ಬಿಸಿಲಲ್ಲಿ ನಿಂತ್ರಲ್ಲ." ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹಳೆಯ ಚೀಟಿಗಳನ್ನೆಲ್ಲ ನಾನು ಹರಿದುಹಾಕಿ ಮೂರೂ ಕಾಲಂ ಇರುವ ಹೊಸ ಚೀಟಿ ಅಚ್ಚು ಹಾಕಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಭಾವ ಅದನ್ನು ತೆಗೆದುಕೊಂಡರು. ಆ್ಯಪನ್ನು ಅಳಿಸಿದ್ದಾರೆ. ಈಗ ಪ್ರತಿ ಮನೆಯಲ್ಲೂ ಎರಡೆರಡು ಸಲ ಫೋಟೋ ತೆಗೆಯುತ್ತಾರೆ. ಗಿರಾಕಿಗಳು ಬೇಸರಪಟ್ಟರೂ ಬಿಡುವುದಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಅಕ್ಕನ ಕೈಲಿ ಹೇಳಿಸಿ ರಾಜಿಯಾಗುತ್ತಿದ್ದೆ. ಅವರು ಸಿಟ್ಟೇ ಮಾಡಿಕೊಳ್ಳಲಿಲ್ಲ.

ಎರಡು ತಿಂಗಳ ಮೇಲೆ ತಾಚಿಯಮ್ಮ ನನ್ನ ಅಂಗಡಿಗೆ ಬಂದಳು. ಡಬ್ಬಕ್ಕೆ ಮುಚ್ಚಳ ಹಾಕುವ ಕಾರ್ಖಾನೆಯಲ್ಲಿ ಕೆಲಸವಿದೆಯಂತೆ, ಅರ್ಜಿ ತುಂಬಿಕೊಡಬೇಕಂತೆ. ಅಂದೇ ಮೊದಲ ಸಲ ಅವಳ ನಿಜವಾದ ಹೆಸರು ಕೇಳಿ ಬರೆದೆ. ವಯಸ್ಸು ಬರೆದೆ, ವಿಳಾಸ ಬರೆದೆ. ಮುಂದಿನ ಕಾಲಂ: ಹಿಂದಿನ ಅನುಭವ.

"ಹನ್ನೊಂದು ವರ್ಷ ಅಲ್ವಾ?" ಅಂದೆ.

"ಬೇಡ ಅಣ್ಣಾ. ಎಲ್ಲಿ ಅಂತ ಕೇಳಿದ್ರೆ ಆ ಮನೆಗೆ ಫೋನ್ ಮಾಡ್ತಾರೆ."

"ಮತ್ತೇನು ಬರೀಲಿ?"

"ಏನೂ ಇಲ್ಲ ಅಂತ ಬರೀರಿ."

ಪಕ್ಕದಂಗಡಿಯಲ್ಲಿ ಭಾವ ಯಾರದೋ ಪೆಟ್ಟಿಗೆ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದ್ದು ನನಗೆ ಕಾಣುತ್ತಿತ್ತು. ನಾನು ಆ ಕಾಲಮ್ಮಿನಲ್ಲಿ, ದುಂಡಾದ ಅಕ್ಷರದಲ್ಲಿ, "ಏನೂ ಇಲ್ಲ" ಅಂತ ಬರೆದೆ.