ದೃಷ್ಟಿಬೊಂಬೆಗೊಂದು ಹೆಲ್ಮೆಟ್

ಅರಸೀಕೆರೆಯಲ್ಲಿ ನಮ್ಮ ಮನೆ ಕಟ್ಟಲು ಒಪ್ಪಿಕೊಂಡಿದ್ದ ಕಂಟ್ರಾಕ್ಟರನ ಬಳಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿತ್ತು: "ನಾನಿಲ್ವಾ ಸಾರ್?" ಕರಾರುಪತ್ರ ಬರೆಯೋಣವೆಂದರೆ ಎದೆ ತಟ್ಟಿಕೊಂಡು ಹಾಗೆನ್ನುತ್ತಿದ್ದ. ಕೆಲಸದವರಿಗೆ ವಿಮೆ ಮಾಡಿಸಿದ್ದೀರಾ ಎಂದರೆ ಅದನ್ನೇ ಹೇಳಿ, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ.

ಮಹಡಿಯ ಹೊರಗೋಡೆಯ ಗಾರೆಗೆಂದು ಬಿದಿರುಗಳದ ಸಾರ್ವೆ ಕಟ್ಟಿದಾಗ, ಮೇಲೆ ಹತ್ತುವವರಿಗೆಲ್ಲ ಹೆಲ್ಮೆಟ್ ಕೊಡಲೇಬೇಕೆಂದು ನಾನು ಹಟ ಹಿಡಿದೆ. ಮರುದಿನ ಒಂದೇ ಒಂದು ಹಳದಿ ಹೆಲ್ಮೆಟ್ ತಂದ. ಅದನ್ನು ಹುಲ್ಲು ತುಂಬಿದ ದೃಷ್ಟಿಬೊಂಬೆಯ ತಲೆಗೆ ಹಾಕಿ, ರಸ್ತೆಗೆ ಕಾಣುವಂತೆ ಕಟ್ಟಿಸಿದ.

"ಎಂಥಾ ಕಣ್ಣು ಬಿದ್ರೂ ಇದು ತಡ್ಕೊತೈತೆ ಸಾರ್" ಎಂದ.

ನಾನು ನಕ್ಕುಬಿಟ್ಟೆ. ಕೆಲಸ ನಿಲ್ಲಿಸು ಎನ್ನಲಿಲ್ಲ.

ವಾರದೊಳಗೆ ಗೆಂಡೆಹಳ್ಳಿಯ ಗಾರೆಯವನೊಬ್ಬ ಸಾರ್ವೆಯಿಂದ ಬಿದ್ದು ತಲೆ ಒಡೆದುಕೊಂಡ. ಅವನ ಹೆಂಡತಿಯೂ ನಮ್ಮಲ್ಲೇ ಮರಳು ಹೊರುತ್ತಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ಅವಳು, "ಇದಕ್ಕೆ ಯಾರು ಜವಾಬ್ದಾರಿ ಹೇಳ್ರಿ" ಎಂದು ಕೇಳಿದಳು.

"ನಾನಿಲ್ವಾ" ಎಂಬ ಮಾತು ಅವತ್ತು ಮಾತ್ರ ಆ ಮಹಾಶಯನ ಬಾಯಿಂದ ಹೊರಡಲಿಲ್ಲ. ಬಾಚಣಿಗೆ ತೆಗೆದು, "ಮನೆ ಸಾರ್‌ದು ಕಣಮ್ಮ, ನಂದಲ್ಲ" ಎಂದು ನನ್ನತ್ತ ಬೆರಳು ಮಾಡಿದ.

ಓದಿದವನಾದ ನಾನು ಇನ್ನೂ ಚೆಂದವಾಗಿ ಹೇಳಿದೆ: "ಕೆಲಸಾನೆಲ್ಲ ಇವರಿಗೇ ಕಂಟ್ರಾಕ್ಟ್ ಕೊಟ್ಟಿದೀನಮ್ಮ."

ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು.

"ಹಂಗಾರೆ ಆ ಬೊಂಬೆನೇ ಕೇಳ್ತೀನಿ ಬಿಡ್ರಿ. ನೀವಿಬ್ರೂ ಸೇರಿ ತಲೆ ಉಳಿಸಿದ್ದು ಅದೊಂದರದ್ದೇ ಅಲ್ವಾ?"